ಐದನೆಯ ದಿನದ ಮೊಳಕೆ

ಹಿಂದಿನ ದೀಪಾವಳಿಗೆ ಮನೆಗೆ ಸುಣ್ಣ ಬಳಿಸುವ ಸಲುವಾಗಿ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಬೇಕಾಯಿತು. ಅದರೊಳಗೆ ಹಳೆಯ ಪಂಚಾಂಗಗಳು, ಮಕ್ಕಳ ಪ್ರಗತಿ ಪತ್ರಗಳು, ಜಿರಲೆ ತಿಂದ ಒಂದು ನಿಘಂಟು, ಎಲ್ಲಕ್ಕಿಂತ ಕೆಳಗೆ ನಾನು ಸೇವೆಯಲ್ಲಿದ್ದಾಗ ಸ್ವಂತಕ್ಕೆಂದು ಬರೆದಿಟ್ಟುಕೊಳ್ಳುತ್ತಿದ್ದ ಅಂಕಗಳ ಪುಸ್ತಕಗಳು. ಹೆಂಡತಿ "ಇವನ್ನಾದರೂ ರದ್ದಿಗೆ ಹಾಕಿ" ಎಂದಳು. ಹಾಕುವ ಮೊದಲು ಒಮ್ಮೆ ತಿರುವಿ ನೋಡೋಣವೆಂದು ಜಗುಲಿಯಲ್ಲಿ ಕುಳಿತೆ. ನಿವೃತ್ತ ಮೇಷ್ಟ್ರುಗಳು ಮಾಡಬಾರದ ಕೆಲಸವೆಂದರೆ ಇದೇ ಇರಬೇಕು. ಒಂದೊಂದು ಹೆಸರಿಗೂ ಒಂದೊಂದು ಮುಖ ಎದ್ದುಬಂದು ಎದುರಿಗೆ ನಿಲ್ಲುತ್ತದೆ.

ಒಂದು ಪುಟದಲ್ಲಿ ನನ್ನ ಬೆರಳು ತಡೆಯಿತು. ಒಂಬತ್ತನೆಯ ತರಗತಿ, ಜನವರಿ 1988. ವಿಜ್ಞಾನ, ಬೀಜ ಮೊಳೆಯುವಿಕೆಯ ಪ್ರಯೋಗ, ಒಟ್ಟು 10 ಅಂಕ. ಎಲ್ಲರಿಗೂ ಆರು, ಏಳು, ಎಂಟು. ಒಬ್ಬ ಹುಡುಗಿಯ ಹೆಸರಿನ ಮುಂದೆ ಮಾತ್ರ ಕೆಂಪು ಶಾಯಿಯಲ್ಲಿ ದುಂಡಗೆ ಬರೆದ ಒಂದು ಸೊನ್ನೆ. ಅದರ ಸುತ್ತ ಇನ್ನೊಂದು ಸುತ್ತು ಬೇರೆ ಹಾಕಿದ್ದೆ. ಸಿಟ್ಟಿನಲ್ಲಿ ಬರೆದ ಸೊನ್ನೆಯೆಂದು ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದ ಮೇಲೂ ಗೊತ್ತಾಗುತ್ತಿತ್ತು.

ನನ್ನ ಪ್ರೀತಿಯ ಶಿಷ್ಯರೇ, ಈ ಬರಹ ಆ ಸೊನ್ನೆಯ ಕಥೆ. ಆ ತರಗತಿಯಲ್ಲಿ ಕುಳಿತಿದ್ದವರು ಕೆಲವರಾದರೂ ಇದನ್ನು ಓದುತ್ತೀರಿ. ಅಂದು ನನ್ನ ಮಾತಿಗೆ ನಕ್ಕವರಲ್ಲಿ ನೀವೂ ಇದ್ದಿರಬಹುದು. ತಪ್ಪು ನಿಮ್ಮದಲ್ಲ, ನಗಿಸಿದವನು ನಾನು.

ಆಗ ನಾನು ದಾವಣಗೆರೆ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ನಮ್ಮ ಶಾಲೆಗೆ ಪ್ರಯೋಗಶಾಲೆಯೆಂಬುದಿರಲಿಲ್ಲ. ಒಂದು ಬೀರು, ಎರಡು ಬುನ್ಸೆನ್ ದೀಪ, ಒಡೆದ ಬೀಕರು ಇಷ್ಟೇ ಆಸ್ತಿ. ಆದುದರಿಂದ ಖರ್ಚಿಲ್ಲದ ಪ್ರಯೋಗಗಳನ್ನೇ ಹುಡುಕುತ್ತಿದ್ದೆ. ಒಂದು ಶುಕ್ರವಾರ ನಮ್ಮ ಅಣ್ಣನ ಕಣಜದಿಂದ ಮೆಕ್ಕೆಜೋಳ ತಂದು ಪ್ರತಿಯೊಬ್ಬರಿಗೂ ಹತ್ತು ಹತ್ತು ಕಾಳು ಹಂಚಿದೆ. ಸೋಮವಾರ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಒಡೆದ ಮಡಕೆಯ ತಳಕ್ಕೋ ಹಳೆಯ ಡಬ್ಬಕ್ಕೋ ಮಣ್ಣು ತುಂಬಿ, ಒಂದೇ ಆಳಕ್ಕೆ ಬಿತ್ತಿ, ದಿನಾ ಸ್ವಲ್ಪ ನೀರು ಹಾಕಿ, ಕಂಡದ್ದನ್ನು ಕಂಡಂತೆ ಬರೆಯಬೇಕು. ಹದಿನೈದು ದಿನಗಳಾದ ಮೇಲೆ ಪುಸ್ತಕ ಒಪ್ಪಿಸಬೇಕು. ಇಷ್ಟು ನನ್ನ ಆಜ್ಞೆ.

ಅದು ಸಂಕ್ರಾಂತಿಯ ಆಸುಪಾಸಿನ ಚಳಿಗಾಲ. ಪುಸ್ತಕಗಳು ಬಂದವು. ಬಹುತೇಕ ಎಲ್ಲರೂ ಎಂಟನೆಯ, ಒಂಬತ್ತನೆಯ, ಹತ್ತನೆಯ ದಿನ ಮೊಳಕೆ ಕಂಡಿತೆಂದು ಬರೆದಿದ್ದರು. ನನ್ನ ಮೇಜಿನ ಮೇಲಿನ ಡಬ್ಬದಲ್ಲೂ ಒಂಬತ್ತನೆಯ ದಿನ ಹಸಿರು ಮೂಡಿತ್ತು. ಆ ಹುಡುಗಿಯೊಬ್ಬಳು ಮಾತ್ರ ಐದನೆಯ ದಿನ ಎಂಟು ಕಾಳು ಮೊಳೆತವೆಂದು ಬರೆದಿದ್ದಳು. ಅಷ್ಟೇ ಅಲ್ಲ, ಹದಿನೈದನೆಯ ದಿನ ತನ್ನ ಸಸಿಗಳು ಒಂದು ಗೇಣು ಎತ್ತರವಿದ್ದವೆಂದು ಬರೆದು, ಪಕ್ಕದಲ್ಲಿ ಅಂದವಾಗಿ ಚಿತ್ರವನ್ನೂ ಬಿಡಿಸಿದ್ದಳು.

ಅವಳನ್ನು ಎಬ್ಬಿಸಿ ನಿಲ್ಲಿಸಿದೆ. "ಎಲ್ಲರ ಜೋಳವೂ ಒಂದೇ ಚೀಲದ್ದು. ನಿನ್ನ ಜೋಳಕ್ಕೆ ಮಾತ್ರ ರೆಕ್ಕೆ ಬಂದಿತ್ತೇನು?" ಎಂದೆ. ತರಗತಿ ನಕ್ಕಿತು.

ಅವಳು ತಲೆ ತಗ್ಗಿಸಿಯೇ ಹೇಳಿದಳು: "ಶುಕ್ರವಾರ ರಾತ್ರಿನೇ ನೀರಲ್ಲಿ ನೆನೆ ಹಾಕಿಬಿಟ್ಟಿದ್ದೆ ಸಾರ್. ಸೋಮವಾರ ಬಿತ್ತಬೇಕು ಅನ್ನೋದು ಆಮೇಲೆ ನೆನಪಾಯ್ತು. ಅಜ್ಜಿ, ಏನೂ ಆಗಲ್ಲ, ತೆಗೆದು ನೆರಳಲ್ಲಿ ಆರಹಾಕು, ಸೋಮವಾರನೇ ಹಾಕುವಿಯಂತೆ ಅಂದ್ರು. ಮೊರದಾಗೆ ಹಾಕಿ ಆರಿಸಿದ್ವಿ. ಡಬ್ಬ ಬಚ್ಚಲ ಹಂಡೆ ಒಲೆ ಪಕ್ಕ ಇಟ್ಟಿದ್ದೆ."

"ನೆನೆಸಿ ಒಣಗಿಸಿದ ಕಾಳು ಮೊಳೆಯುತ್ತದೆಯೇ? ಒಮ್ಮೆ ನೀರು ಕುಡಿದ ಬೀಜ ಒಣಗಿದರೆ ಸತ್ತಂತೆ. ಪಾಠದಲ್ಲಿ ಏನು ಹೇಳಿದ್ದೆ? ಮೊದಲೇ ಬಿತ್ತಿ ತಾರೀಖು ತಿದ್ದಿದ್ದೀಯೆ. ಅಂಕಕ್ಕಾಗಿ ಸುಳ್ಳು ಹೇಳುವವರು ವಿಜ್ಞಾನ ಓದಬಾರದು."

ಅವಳು ಅಳಲಿಲ್ಲ. ಪುಸ್ತಕ ತೆಗೆದುಕೊಂಡು ಕುಳಿತಳು. ಮುಂದಿನ ಒಂದೂವರೆ ವರ್ಷ, ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವವರೆಗೂ, ನನ್ನ ತರಗತಿಯಲ್ಲಿ ಆ ಹುಡುಗಿ ಒಮ್ಮೆಯೂ ಕೈ ಎತ್ತಲಿಲ್ಲ. ಅದಕ್ಕೆ ಮುಂಚೆ ಎತ್ತುತ್ತಿದ್ದಳು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಮೂರು ವರ್ಷಗಳಾದ ಮೇಲೆ, 1991ರ ಜನವರಿಯಲ್ಲಿ, ಬೀಜವೇ ನನಗೆ ಮೊದಲ ಪಾಠ ಕಲಿಸಿತು. ನಮ್ಮ ಅಣ್ಣ ಭದ್ರಾ ಕಾಲುವೆಯ ನೀರಿನಲ್ಲಿ ಬೇಸಿಗೆ ಭತ್ತ ಬೆಳೆಯುತ್ತಿದ್ದ. ಬೇಸಿಗೆ ಭತ್ತವೆಂದು ಹೆಸರಾದರೂ ಸಸಿಮಡಿ ಹಾಕುವುದು ಕೊರೆಯುವ ಚಳಿಯಲ್ಲಿಯೇ. ಬೀಜದ ಭತ್ತವನ್ನು ಗೋಣಿಚೀಲದಲ್ಲಿ ಕಟ್ಟಿ ಒಂದು ದಿನ ಕಾಲುವೆಯ ನೀರಿನಲ್ಲಿ ನೆನೆಸಿ, ಮೇಲೆತ್ತಿ, ನೀರು ಬಸಿದು, ಹುಲ್ಲು ಮುಚ್ಚಿ ಕಲ್ಲು ಹೇರಿ ಮೊಳಕೆಗೆ ಇಡುವುದು ಪದ್ಧತಿ. ಮಳೆಗಾಲದ ಬೆಳೆಗೆ ಒಂದೂವರೆ ಎರಡು ದಿನಗಳಲ್ಲಿ ಬಿಳಿಯ ಮೂತಿ ಕಾಣುತ್ತದೆ. ಆ ಸಲ ಅತ್ತಿಗೆ ತವರಿಗೆ ಹೋಗಿದ್ದರು. ಅಣ್ಣ ಚೀಲವನ್ನು ಸಿಮೆಂಟಿನ ಜಗುಲಿಯ ಮೇಲೆ ಇಟ್ಟು ಒಂದು ಖಾಲಿ ಗೋಣಿಯನ್ನಷ್ಟೇ ಹೊದಿಸಿದ್ದ. ಮೂರು ದಿನವಾದರೂ ಬೀಜ ಮಿಸುಕಲಿಲ್ಲ.

ಹಬ್ಬದ ರಜೆಗೆ ಹೋಗಿದ್ದ ನನ್ನನ್ನು ಅಣ್ಣ ಕೇಳಿದ: "ನೀನು ಓದಿದವನು, ನೋಡು ತಮ್ಮಾ." ನಾನು ಚೀಲ ಬಿಚ್ಚಿ, ನಾಲ್ಕು ಕಾಳು ಹಿಸುಕಿ, ವೈದ್ಯರ ಗಾಂಭೀರ್ಯದಿಂದ ತೀರ್ಪು ಕೊಟ್ಟೆ: "ಬೀಜ ಸತ್ತಿದೆ. ಇದನ್ನು ನಂಬಿ ಕೂತರೆ ಕಾಲುವೆಯ ನೀರು ನಿಂತುಹೋಗುತ್ತದೆ. ಬೇರೆ ಬೀಜ ತಾ." ಅಣ್ಣ ಮಾತಾಡಲಿಲ್ಲ. ಪರಿಚಯದ ಅಂಗಡಿಯಲ್ಲಿ ಸಾಲ ಹೇಳಿ ಇನ್ನೊಂದು ಚೀಲ ತಂದ. ಸತ್ತಿತೆಂದು ನಾನು ಸಾರಿದ ಬೀಜವನ್ನು ಹಿತ್ತಲ ತಿಪ್ಪೆಯ ಮೇಲೆ ಸುರಿದು ಮೇಲಷ್ಟು ಕಸ ಎಳೆದರು.

ತವರಿನಿಂದ ಬಂದ ಅತ್ತಿಗೆ ಹೊಸ ಬೀಜವನ್ನು ತಾವೇ ನೋಡಿಕೊಂಡರು. ನೆನೆದ ಚೀಲದ ಮೇಲೆ ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು ಸುರಿದು, ದನದ ಕೊಟ್ಟಿಗೆಯ ಒಳಮೂಲೆಯಲ್ಲಿ ಹುಲ್ಲು ಹಾಸಿ ಇಟ್ಟು, ಮೇಲೆ ಇನ್ನಷ್ಟು ಹುಲ್ಲು, ಅದರ ಮೇಲೆ ಹಳೆಯ ಕಂಬಳಿ ಹೊದಿಸಿದರು. ಎರಡನೆಯ ದಿನವೇ ಮೊಳಕೆ ಬಂತು. ಅದಲ್ಲ ನಾನು ಹೇಳಹೊರಟದ್ದು. ನಾಲ್ಕನೆಯ ದಿನ ಬೆಳಿಗ್ಗೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ. ತಿಪ್ಪೆಯ ಮೇಲೆ ಎಸೆದಿದ್ದ ಭತ್ತವೆಲ್ಲ ಕಸವನ್ನು ಸೀಳಿಕೊಂಡು ಹಸಿರಾಗಿ ಎದ್ದು ನಿಂತಿತ್ತು. ಗೊಬ್ಬರ ಕೊಳೆಯುವಾಗ ಹುಟ್ಟುವ ಶಾಖದಿಂದ ತಿಪ್ಪೆ ಒಳಗೊಳಗೇ ಬೆಚ್ಚಗಿತ್ತು. ಚಳಿಯ ಬೆಳಗಿನಲ್ಲಿ ಅದರ ಮೇಲೆ ಹಬೆಯಾಡುತ್ತಿತ್ತು.

"ಬೀಜ ಸತ್ತಿರಲಿಲ್ಲ ಕಣೋ. ಚಳಿಗೆ ಮುದುರಿ ಮಲಗಿತ್ತು" ಎಂದಷ್ಟೇ ಅಣ್ಣ ಅಂದ. ಸಾಲದ ಮಾತನ್ನು ಅವನು ಅಂದೂ ಎತ್ತಲಿಲ್ಲ, ಅನಂತರವೂ ಎತ್ತಲಿಲ್ಲ. ಆ ತಿಪ್ಪೆಯ ಮುಂದೆ ನಿಂತಿದ್ದಾಗ ನನಗೆ ಬಚ್ಚಲ ಹಂಡೆಯ ಒಲೆ ನೆನಪಾಯಿತು. ಐದನೆಯ ದಿನದ ಎಂಟು ಮೊಳಕೆಗಳು ನೆನಪಾದವು. ಆ ಹುಡುಗಿ ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದಳು. ಹುಡುಕಿ ಹೋಗಿ ಹೇಳಬಹುದಾಗಿತ್ತು. ಹೇಳಲಿಲ್ಲ. ಬೆಚ್ಚಗಿನ ಜಾಗದ ಸಂಗತಿ ಸರಿಯಿರಬಹುದು, ನೆನೆಸಿ ಒಣಗಿಸಿದ್ದು ಮಾತ್ರ ಸುಳ್ಳೇ ಇರಬೇಕು ಎಂದು ಮನಸ್ಸಿಗೆ ಅರ್ಧ ಸಮಾಧಾನ ಹೇಳಿಕೊಂಡೆ. ತಪ್ಪನ್ನು ಪೂರ್ತಿ ಒಪ್ಪಿಕೊಳ್ಳಲು ಮನುಷ್ಯ ಎಷ್ಟು ಲೆಕ್ಕಾಚಾರ ಹಾಕುತ್ತಾನೆ ನೋಡಿ!

ಉಳಿದರ್ಧ ಸಮಾಧಾನವನ್ನು ಕಿತ್ತುಕೊಂಡವನು ಇನ್ನೊಬ್ಬ ಶಿಷ್ಯ. ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅವನು ಒಮ್ಮೆ ಮನೆಗೆ ಬಂದವನು ಮಾತಿನ ನಡುವೆ 'ಸೀಡ್ ಪ್ರೈಮಿಂಗ್' ಎಂದ. ಏನಪ್ಪಾ ಅದು ಎಂದು ಕೇಳಿದೆ. "ಬೀಜವನ್ನು ಲೆಕ್ಕದಷ್ಟು ಹೊತ್ತು ನೆನೆಸಿ, ಮೊಳಕೆ ಒಡೆಯುವ ಮುಂಚೆ ತೆಗೆದು, ನೆರಳಲ್ಲಿ ಆರಿಸಿ ಬಿತ್ತೋದು ಸಾರ್" ಎಂದ. ನಾನು ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟೆ.

ಅವನು ತಂದುಕೊಟ್ಟ ಪುಸ್ತಕಗಳಿಂದ ತಿಳಿದುಕೊಂಡದ್ದನ್ನು ತರಗತಿಯಲ್ಲಿ ಹೇಳಬೇಕಾಗಿದ್ದಂತೆಯೇ ಇಲ್ಲಿ ಹೇಳುತ್ತೇನೆ.

ಒಣಬೀಜ ನೀರು ಕುಡಿಯುವುದು ಮೂರು ಹಂತಗಳಲ್ಲಿ. ಮೊದಲ ಹಂತದಲ್ಲಿ ಅದು ದಾಹದಿಂದ ಗಟಗಟನೆ ಹೀರುತ್ತದೆ, ಉಬ್ಬುತ್ತದೆ. ಇದರಲ್ಲಿ ಜೀವದ ಪಾತ್ರವೇನೂ ಇಲ್ಲ. ಸತ್ತ ಬೀಜವೂ ಹೀಗೆಯೇ ಉಬ್ಬುತ್ತದೆ. ಎರಡನೆಯ ಹಂತದಲ್ಲಿ ನೀರು ಹೀರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ನಡೆಯುತ್ತಿಲ್ಲವೆಂದು ತೋರುತ್ತದೆ. ನಿಜವಾದ ಕೆಲಸವೆಲ್ಲ ಆಗಲೇ. ಉಸಿರಾಟ ಚುರುಕಾಗುತ್ತದೆ, ಕಿಣ್ವಗಳು ಎಚ್ಚರಗೊಳ್ಳುತ್ತವೆ, ಶೇಖರಣೆಯ ಕಾಲದಲ್ಲಿ ಜೀವಕೋಶಗಳಿಗೆ ಆದ ಸಣ್ಣಪುಟ್ಟ ಹಾನಿಗಳ ದುರಸ್ತಿ ನಡೆಯುತ್ತದೆ. ಮೂರನೆಯ ಹಂತದಲ್ಲಿ ಬೇರಿನ ಮೂತಿ ಸಿಪ್ಪೆಯನ್ನು ಸೀಳಿಕೊಂಡು ಹೊರಬರುತ್ತದೆ, ಬೀಜ ಮತ್ತೆ ನೀರು ಹೀರತೊಡಗುತ್ತದೆ.

ಗುಟ್ಟಿರುವುದು ಎರಡನೆಯ ಹಂತದಲ್ಲಿ. ಅಲ್ಲಿ ತಡೆದು ಆರಿಸಿದರೆ ಬಹಳಷ್ಟು ಬೆಳೆಗಳ ಬೀಜ ಸಾಯುವುದಿಲ್ಲ. ಒಳಗೆ ಆದ ಸಿದ್ಧತೆಯ ದೊಡ್ಡ ಪಾಲು ಹಾಗೆಯೇ ಉಳಿಯುತ್ತದೆ. ಮತ್ತೆ ನೀರು ಸಿಕ್ಕಿದಾಗ ಅದು ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಬೇರು ಹೊರಬಂದ ಮೇಲೆ ಒಣಗಿಸಿದರೆ ಮಾತ್ರ ನಾನು ಅಂದು ಹೇಳಿದಂತೆ ಸಾವು. ನನ್ನ ಪಾಠ ಪೂರ್ತಿ ಸುಳ್ಳಾಗಿರಲಿಲ್ಲ. ಅದಕ್ಕೊಂದು ಎಲ್ಲೆಯಿತ್ತು, ಆ ಎಲ್ಲೆ ನನಗೆ ಗೊತ್ತಿರಲಿಲ್ಲ, ಅಜ್ಜಿಗೆ ಗೊತ್ತಿತ್ತು.

ಇದು ಹೊಸ ವಿದ್ಯೆಯೂ ಅಲ್ಲ. ಸುಮಾರು 2,300 ವರ್ಷಗಳ ಹಿಂದೆ ಗ್ರೀಸ್ ದೇಶದ ಥಿಯೋಫ್ರಾಸ್ಟಸ್ ಸೌತೆಯ ಬೀಜವನ್ನು ನೆನೆಸಿ ಬಿತ್ತಿದರೆ ಬೇಗ ಹುಟ್ಟುತ್ತದೆಂದು ಬರೆದಿದ್ದಾನೆ. ನಮ್ಮ ವರಾಹಮಿಹಿರನ 'ಬೃಹತ್ಸಂಹಿತೆ'ಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ಬೀಜವನ್ನು ಹಾಲಿನಲ್ಲಿ ನೆನೆಸುವ ಕ್ರಮವಿದೆ. ಕನ್ನಡದಲ್ಲೂ ಹನ್ನೊಂದನೆಯ ಶತಮಾನದ ಚಾವುಂಡರಾಯ (ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಅನಂತರ ಚಾಲುಕ್ಯರ ಕಾಲದಲ್ಲಿದ್ದವನು) ತನ್ನ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಆಧುನಿಕ ಕಾಲದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದ ವಾಲ್ಟರ್ ಹೈಡೆಕರ್ ಮತ್ತು ಸಂಗಡಿಗರು 1973ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸಿದ ನೀರಿನಲ್ಲಿ ಬೀಜವನ್ನಿಟ್ಟರೆ ಆ ದ್ರಾವಣ ಬೀಜಕ್ಕೆ ಬೇಕಾದಷ್ಟು ನೀರನ್ನು ಬಿಟ್ಟುಕೊಡುವುದಿಲ್ಲ. ಎರಡನೆಯ ಹಂತಕ್ಕೆ ಸಾಕಾಗುವಷ್ಟು ಸಿಗುತ್ತದೆ, ಮೂರನೆಯದಕ್ಕೆ ಸಾಲದು. ಮುಂದೆ 1990ರ ದಶಕದಲ್ಲಿ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದ ಡೇವ್ ಹ್ಯಾರಿಸ್ ಮತ್ತು ಸಂಗಡಿಗರು ಪಶ್ಚಿಮ ಭಾರತದ ಒಣಬೇಸಾಯದ ರೈತರ ಜೊತೆಗೂಡಿ ಮೆಕ್ಕೆಜೋಳ, ಭತ್ತ, ಕಡಲೆಗಳನ್ನು ಬರಿಯ ನೀರಿನಲ್ಲಿ ರಾತ್ರಿ ನೆನೆಸಿ, ಮೇಲ್ಮೈ ಆರಿಸಿ ಬಿತ್ತಿ ನೋಡಿದರು. ಬೀಜ ಬೇಗ ಹುಟ್ಟಿತು, ಪೈರು ಬಲವಾಗಿ ನಿಂತಿತು. ಅದರ ವರದಿ ಪ್ರಕಟವಾದದ್ದು 1999ರಲ್ಲಿ. ನಾನು ಆ ಹುಡುಗಿಗೆ ಸೊನ್ನೆ ಕೊಟ್ಟು ಆಗಲೇ ಹನ್ನೊಂದು ವರ್ಷ ಕಳೆದಿತ್ತು.

ಇನ್ನು ಕಾವಿನ ವಿಚಾರ. ಪ್ರತಿಯೊಂದು ಬೆಳೆಯ ಬೀಜಕ್ಕೂ ಉಷ್ಣಾಂಶದ ಮೂರು ಗೆರೆಗಳಿವೆ. ಕೆಳಗಿನ ಗೆರೆಗಿಂತ ತಣ್ಣಗಿದ್ದರೆ ಅದು ಅಲುಗುವುದಿಲ್ಲ. ಮೆಕ್ಕೆಜೋಳಕ್ಕೂ ಭತ್ತಕ್ಕೂ ಈ ಗೆರೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದೆ. ನಡುವಿನದು ಹಿತವಾದ ಕಾವು, ಈ ಎರಡಕ್ಕೂ ಸುಮಾರು 30 ಡಿಗ್ರಿ. ಮೇಲಿನದನ್ನು ಮೀರಿದರೆ ಬೀಜ ಬೇಯುತ್ತದೆ. ಕೆಳಗಿನ ಗೆರೆಗೂ ನಡುವಿನ ಗೆರೆಗೂ ಮಧ್ಯೆ ಒಂದು ಸರಳವಾದ ಲೆಕ್ಕ ನಡೆಯುತ್ತದೆ. ದಿನದ ಸರಾಸರಿ ಉಷ್ಣಾಂಶದಿಂದ ಕೆಳಗಿನ ಗೆರೆಯನ್ನು ಕಳೆಯಬೇಕು. ಉಳಿದದ್ದು ಆ ದಿನ ಬೀಜದ ಖಾತೆಗೆ ಬಿದ್ದ ಜಮೆ. ಜಮೆ ಒಂದು ಗೊತ್ತಾದ ಮೊತ್ತಕ್ಕೆ ಮುಟ್ಟಿದಾಗ ಮೊಳಕೆ ಹೊರಬರುತ್ತದೆ. ಈ ಜಮೆಗೆ ಡಿಗ್ರಿ-ದಿನ ಎನ್ನುತ್ತಾರೆ. ನಾವು ಬೀಜದ ವಯಸ್ಸನ್ನು ಪಂಚಾಂಗದ ದಿನಗಳಲ್ಲಿ ಎಣಿಸುತ್ತೇವೆ. ಬೀಜ ತನ್ನ ದಿನವನ್ನು ಕಾವಿನಲ್ಲಿ ಎಣಿಸುತ್ತದೆ. ಬೀಜ ಪರೀಕ್ಷಾ ಕೇಂದ್ರಗಳಲ್ಲಿ ನಿಯಮಿಸಿದ ಉಷ್ಣಾಂಶದಲ್ಲಿಯೇ ಬೀಜವನ್ನಿಟ್ಟು ಎಣಿಸುವುದೂ ಇದೇ ಕಾರಣಕ್ಕೆ. ಪ್ರಮಾಣಿತ ಭತ್ತದ ಬೀಜಕ್ಕೆ ಶೇಕಡಾ 80, ರಾಗಿಗೆ ಶೇಕಡಾ 75 ಮೊಳಕೆ ಇರಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಆದರೆ ಚೀಲದ ಮೇಲಿನ ಆ ಅಂಕಿ ಪ್ರಯೋಗಾಲಯದ ಕಾವಿನಲ್ಲಿ ಸಿಕ್ಕಿದ್ದು, ಜನವರಿಯ ಸಿಮೆಂಟಿನ ಜಗುಲಿಯ ಮೇಲೆ ಸಿಕ್ಕಿದ್ದಲ್ಲ.

ಇಷ್ಟೆಲ್ಲ ಓದಿ ತಿಳಿದಿದ್ದರೂ ಕೈಯಾರೆ ಮಾಡಿ ನೋಡಿರಲಿಲ್ಲ. ಟ್ರಂಕಿನ ಪುಸ್ತಕ ಸಿಕ್ಕಿದ ಮೇಲೆ ಈ ಜನವರಿಯಲ್ಲಿ ಕುಳಿತೆ. ಆ ಹುಡುಗಿ ಮಾಡಿದ್ದರಲ್ಲಿ ಎರಡು ವ್ಯತ್ಯಾಸಗಳು ಒಟ್ಟಿಗೆ ಸೇರಿಕೊಂಡಿದ್ದವು: ನೆನೆಸಿದ್ದು ಒಂದು, ಬೆಚ್ಚಗಿಟ್ಟದ್ದು ಇನ್ನೊಂದು. ಮುಂಚಿತವಾಗಿ ಮೊಳೆತದ್ದು ಯಾವುದರಿಂದ? ವಿಜ್ಞಾನದ ಮೇಷ್ಟ್ರಾಗಿದ್ದವನು ಅಂದು ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ. "ಏಕೆ ಸುಳ್ಳು ಹೇಳಿದೆ?" ಎಂದು ಕೇಳಿದೆ, "ಹೇಗೆ ಮಾಡಿದೆ? ಮತ್ತೆ ಮಾಡಿ ನೋಡೋಣ, ಈ ಸಲ ಒಂದೊಂದನ್ನೇ ಬದಲಿಸೋಣ" ಎನ್ನಬೇಕಾಗಿತ್ತು. ಇಡೀ ತರಗತಿಗೆ ಒಂದು ತಿಂಗಳು ಸಾಕಾಗುವಷ್ಟು ವಿಜ್ಞಾನ ಅವಳ ಡಬ್ಬದಲ್ಲಿತ್ತು.

ನಾಲ್ಕು ತಟ್ಟೆಗಳಲ್ಲಿ ಮಣ್ಣು ತುಂಬಿ ಒಂದೊಂದರಲ್ಲಿ 25ರಂತೆ ಮೆಕ್ಕೆಜೋಳ ಬಿತ್ತಿದೆ. ಔಷಧಿ ಹಚ್ಚದ, ಊರಿನ ರೈತರೊಬ್ಬರ ಮನೆಯ ಜೋಳ. ಎರಡು ತಟ್ಟೆಗೆ ಒಣಕಾಳು, ಎರಡಕ್ಕೆ ರಾತ್ರಿಯೆಲ್ಲ ನೆನೆಸಿ ಎರಡು ದಿನ ನೆರಳಿನಲ್ಲಿ ಆರಿಸಿದ ಕಾಳು. ಪ್ರತಿ ಜೋಡಿಯಲ್ಲಿ ಒಂದು ತಟ್ಟೆಯನ್ನು ಹಿತ್ತಲ ಕಟ್ಟೆಯ ಮೇಲಿಟ್ಟೆ. ಇನ್ನೊಂದಕ್ಕೆ ಹಂಡೆಯ ಒಲೆ ಎಲ್ಲಿಂದ ತರಲಿ? ಈಗ ಸ್ನಾನದ ನೀರು ಸೌರಫಲಕದಿಂದ ಬರುತ್ತದೆ. ಕೋಳಿಮರಿ ಸಾಕುವವರಂತೆ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಹಳೆಯ ಕಾಲದ ತಂತಿಯ ಬಲ್ಬು ಉರಿಸಿದೆ. ದಿನಕ್ಕೆ ನಾಲ್ಕು ಬಾರಿ ಉಷ್ಣಮಾಪಕ ನೋಡಿ ಬರೆದೆ. ಹಿತ್ತಲಿನ ಸರಾಸರಿ 18 ಡಿಗ್ರಿ, ಪೆಟ್ಟಿಗೆಯದು 25. ಹೆಂಡತಿ "ಕಾವು ಕೂತ ಕೋಳಿಯೂ ಇಷ್ಟು ಸಲ ಎದ್ದು ನೋಡುವುದಿಲ್ಲ" ಎಂದಳು.

ಅರ್ಧಕ್ಕಿಂತ ಹೆಚ್ಚು ಕಾಳು ಮಣ್ಣಿನಿಂದ ಮೇಲೆದ್ದ ದಿನವನ್ನು ಹೀಗೆ ಬರೆದುಕೊಂಡಿದ್ದೇನೆ. ಚಳಿಯಲ್ಲಿಟ್ಟ ಒಣಕಾಳು ಒಂಬತ್ತನೆಯ ದಿನ. ಚಳಿಯಲ್ಲಿಟ್ಟ, ನೆನೆಸಿ ಆರಿಸಿದ ಕಾಳು ಏಳನೆಯ ದಿನ. ಬೆಚ್ಚಗಿಟ್ಟ ಒಣಕಾಳು ಐದನೆಯ ದಿನ. ಬೆಚ್ಚಗಿಟ್ಟ, ನೆನೆಸಿ ಆರಿಸಿದ ಕಾಳು ನಾಲ್ಕನೆಯ ದಿನ.

ಲೆಕ್ಕ ಹಾಕಿ ನೋಡಿ. ಕೆಳಗಿನ ಗೆರೆ 10 ಎಂದಿಟ್ಟುಕೊಂಡರೆ ಹಿತ್ತಲಿನ ಬೀಜಕ್ಕೆ ದಿನಕ್ಕೆ 8ರ ಜಮೆ, ಪೆಟ್ಟಿಗೆಯದಕ್ಕೆ 15. ಒಣಕಾಳಿಗೆ ಒಂಬತ್ತು ಎಂಟಲೆ 72, ಐದು ಹದಿನೈದಲೆ 75. ಎರಡೂ ಹೆಚ್ಚು ಕಡಿಮೆ ಒಂದೇ! ನೆನೆಸಿದ ಕಾಳಿಗೆ ಏಳೆಂಟಲೆ 56, ನಾಲ್ಕು ಹದಿನೈದಲೆ 60. ಕಾವು ಜಮೆಯ ವೇಗವನ್ನು ಹೆಚ್ಚಿಸುತ್ತದೆ; ನೆನೆಸುವುದು ತೀರಿಸಬೇಕಾದ ಮೊತ್ತವನ್ನೇ ಕಡಿಮೆ ಮಾಡುತ್ತದೆ. ಅದಕ್ಕಾಗಿಯೇ ನೆನೆಸಿದ್ದರ ಲಾಭ ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದೇ ದಿನ, ಚಳಿಯಲ್ಲಿ ಎರಡು ದಿನ. ಕಷ್ಟದ ಕಾಲದಲ್ಲಿ ಪೂರ್ವಸಿದ್ಧತೆಗೆ ಹೆಚ್ಚು ಬೆಲೆ. ಮನೆಯ ನಾಲ್ಕು ತಟ್ಟೆಗಳಿಂದ ಶಾಸ್ತ್ರ ಸ್ಥಾಪನೆಯಾಗುವುದಿಲ್ಲ, ನಿಜ. ಆದರೆ ಐದನೆಯ ದಿನ ಮೊಳಕೆ ಕಾಣಲು ತಾರೀಖು ತಿದ್ದಬೇಕಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಸಸಿಗಳ ಬೆಳವಣಿಗೆಯನ್ನೂ ಗಮನಿಸಿದೆ. ಹಿತ್ತಲ ಸಸಿಗಳ ಎಲೆಯಲ್ಲಿ ನೇರಳೆ ಛಾಯೆಯಿತ್ತು. ಚಳಿಯ ಮಣ್ಣಿನಲ್ಲಿ ಬೇರು ಸಾಕಷ್ಟು ರಂಜಕವನ್ನು ಎಳೆದುಕೊಳ್ಳಲಾರದ್ದರಿಂದ ಮೆಕ್ಕೆಜೋಳ ಹೀಗೆ ಬಣ್ಣ ತಿರುಗುವುದುಂಟು, ಬಿಸಿಲು ಏರಿದ ಮೇಲೆ ಸರಿಹೋಗುತ್ತದೆ. ಪೆಟ್ಟಿಗೆಯವು ಬೇಗ ಎತ್ತರವಾದವು, ಆದರೆ ಬೆಳಕು ಸಾಲದೆ ಬಿಳಿಚಿ ಬಳುಕಿದವು. ಮೊಳೆಯುವವರೆಗೆ ಕಾವು ಸಾಕು, ಮೊಳೆತ ಮೇಲೆ ಬಿಸಿಲಿಗೆ ಒಯ್ಯಬೇಕು. ಅವಳ ಪುಸ್ತಕದಲ್ಲಿ "ಆರನೆಯ ದಿನ ಡಬ್ಬವನ್ನು ಅಂಗಳಕ್ಕೆ ತಂದೆನು" ಎಂಬ ಒಂದು ಸಾಲಿತ್ತು. ಅದೂ ಈಗ ನೆನಪಾಗುತ್ತಿದೆ.

ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗೆ ನಾಲ್ಕು ಎಚ್ಚರಿಕೆಯ ಮಾತು. ಎಲ್ಲ ಬೀಜಕ್ಕೂ ಒಂದೇ ಹೊತ್ತಲ್ಲ. ಮೆಕ್ಕೆಜೋಳ, ಭತ್ತ ಒಂದು ರಾತ್ರಿಯ ನೆನೆಯನ್ನು ಸಲೀಸಾಗಿ ತಡೆಯುತ್ತವೆ, ಕಡಲೆಯಂಥ ಕಾಳುಗಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಹೆಚ್ಚು ಹೊತ್ತು ಮುಳುಗಿದರೆ ಗಾಳಿ ಸಿಗದೆ ಬೀಜ ಕೆಡುತ್ತದೆ. ಒಣಗಿ ಗರಿಗರಿಯಾದ ದ್ವಿದಳ ಬೀಜವನ್ನು ತಣ್ಣೀರಿಗೆ ಒಮ್ಮೆಲೇ ಹಾಕಿದರೆ ಒಳಗೆ ಬಿರುಕು ಬೀಳುವುದೂ ಉಂಟು. ಆರಿಸಿದ ಬೀಜವನ್ನು ಬಹಳ ದಿನ ಇಡಬಾರದು. ಸತ್ತ ಬೀಜ ಯಾವ ಉಪಾಯದಿಂದಲೂ ಏಳುವುದಿಲ್ಲ.

ಕೊನೆಗೆ, ಮಾಡಬೇಕಾಗಿದ್ದನ್ನು ಮಾಡಿದೆ. ಅವಳ ಸಹಪಾಠಿಯೊಬ್ಬನಿಂದ ನಂಬರು ಪಡೆದು ಫೋನು ಮಾಡಿದೆ. ಈಗ ಮೊಮ್ಮಕ್ಕಳಿರುವ ಗೃಹಿಣಿ, ಗಂಡನ ಜೊತೆ ಬೇಸಾಯ ಮಾಡಿಕೊಂಡಿದ್ದಾಳೆ. ಹೆಸರು ಹೇಳಿದ ಕೂಡಲೆ "ಸಾರ್, ಚೆನ್ನಾಗಿದ್ದೀರಾ?" ಎಂದಳು. ಸುತ್ತಿ ಬಳಸಿ ಮಾತಾಡಿ, ಕಡೆಗೆ ಮೆಕ್ಕೆಜೋಳದ ಪ್ರಯೋಗ ನೆನಪಿದೆಯೇನಮ್ಮಾ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ನೆನಪಿದೆ ಸಾರ್."

"ನೀನು ಬರೆದದ್ದು ಸರಿಯಾಗಿತ್ತು ಕಣಮ್ಮಾ. ತಪ್ಪು ನನ್ನದು. ಈ ತಿಂಗಳು ನಾನೇ ಮಾಡಿ ನೋಡಿದೆ."

"ನನಗೆ ಗೊತ್ತಿತ್ತಲ್ಲ ಸಾರ್, ಸರಿ ಅಂತ" ಎಂದಳು. ಸಿಟ್ಟಿನಿಂದಲ್ಲ, ಸಹಜವಾಗಿಯೇ. ಮತ್ತೆ ಹೇಳಿದಳು: "ಅಜ್ಜಿಗೆ ಮಾತ್ರ ನಾನು ಹೇಳಲೇ ಇಲ್ಲ. ಎಷ್ಟು ಅಂಕ ಬಂತು ಅಂತ ಕೇಳ್ತಾನೇ ಇದ್ರು. ತನ್ನ ಮಾತು ಕೇಳಿ ಸೊನ್ನೆ ಬಂತು ಅಂದ್ರೆ ನೊಂದ್ಕೋತಾರೆ ಅಂತ ಹತ್ತಕ್ಕೆ ಹತ್ತು ಅಂದುಬಿಟ್ಟೆ. ನಾನು ಹೇಳಿದ ಸುಳ್ಳು ಅಂದ್ರೆ ಅದೊಂದೇ ಸಾರ್."

ನನಗೆ ಉತ್ತರ ಹೊಳೆಯಲಿಲ್ಲ. ಅವಳೇ ಮಾತು ಬದಲಿಸಿ ಬೆಳೆಯ ಸುದ್ದಿ ಹೇಳಿದಳು. ಈಗ ಮೆಕ್ಕೆಜೋಳದ್ದು ಕಂಪನಿ ಬೀಜ, ಔಷಧಿಯ ಬಣ್ಣ ಹಚ್ಚಿರುತ್ತಾರೆ, ಅದನ್ನು ನೆನೆಸುವ ಹಾಗಿಲ್ಲವಂತೆ. ಮನೆಯ ರಾಗಿಯನ್ನು ಮಾತ್ರ ಮಳೆ ನೋಡಿಕೊಂಡು, ಅಜ್ಜಿ ಮಾಡುತ್ತಿದ್ದಂತೆಯೇ ನೆನೆಸಿ ಆರಿಸಿ ಬಿತ್ತುತ್ತಾಳಂತೆ. "ಈ ಕಡೆ ಬಂದ್ರೆ ಮನೆಗೆ ಬನ್ನಿ ಸಾರ್" ಎಂದು ಫೋನಿಟ್ಟಳು.

ಅಂಕಗಳ ಪುಸ್ತಕವನ್ನು ರದ್ದಿಗೆ ಹಾಕಲಿಲ್ಲ. ಆ ಸೊನ್ನೆಯನ್ನು ತಿದ್ದಲೂ ಇಲ್ಲ. ತಾರೀಖು ತಿದ್ದಿದ್ದೀಯೆ ಎಂದು ಮಗುವೊಂದನ್ನು ಬೈದವನು ತಾನು ಅಂಕ ತಿದ್ದುವುದು ಚೆನ್ನಾಗಿರುವುದಿಲ್ಲ. ಅದರ ಪಕ್ಕದಲ್ಲಿ ನೀಲಿ ಶಾಯಿಯಿಂದ ನಾಲ್ಕು ತಟ್ಟೆಗಳ ಲೆಕ್ಕವನ್ನು ಬರೆದು, ಇಂದಿನ ತಾರೀಖು ಹಾಕಿ, ಕೆಳಗೆ ಸಹಿ ಮಾಡಿದ್ದೇನೆ. ಫೆಬ್ರವರಿಯ ಬಿಸಿಲು ಏರಿದ ಮೇಲೆ ಹಿತ್ತಲ ಸಸಿಗಳ ನೇರಳೆ ಬಣ್ಣ ಹೋಗಿದೆ. ಅದರಲ್ಲಿ ಹತ್ತನ್ನು ಕಿತ್ತು ಕಾಂಪೌಂಡಿನ ಪಕ್ಕ ನೆಟ್ಟಿದ್ದೇನೆ. ತೆನೆ ಬಿಟ್ಟರೆ ಬಂದವರಿಗೆ ಸುಟ್ಟು ಕೊಡುತ್ತೇನೆ, ಬನ್ನಿ.